ಸ್ಕ್ಯಾನಿಂಗ್ ದಿನದ ಬುತ್ತಿ

ತಮ್ಮನಿಗೆ ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಇರುತ್ತಿದ್ದ ಕಾಲದಲ್ಲಿ ನಾನು ಆ ದಿನಕ್ಕಾಗಿ ಹಬ್ಬಕ್ಕೆ ಕಾದಂತೆ ಕಾಯುತ್ತಿದ್ದೆ. ಹೀಗೆಂದು ಬಾಯಿಬಿಟ್ಟು ಹೇಳಿದರೆ ಕೇಳಿದವರು ನನ್ನನ್ನು ಹೆಂಗಸೇ ಅಲ್ಲವೆಂದಾರು. ಒಡಹುಟ್ಟಿದವನ ಹೊಟ್ಟೆಯ ಮೇಲೆ ಯಂತ್ರ ಇಟ್ಟು, ಒಳಗಿನ ರಕ್ತನಾಳ ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡುವ ದಿನ ಅದು. ಅಂಥ ದಿನಕ್ಕೆ ನಾನು ಹಿಂದಿನ ಸಂಜೆಯೇ ಸೀರೆ ಇಸ್ತ್ರಿ ಮಾಡಿ ಇಟ್ಟುಕೊಳ್ಳುತ್ತಿದ್ದೆ. ಬೆಳಗಾಗುವ ಮೊದಲೇ ಎದ್ದು ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಶೇಂಗಾಹಿಂಡಿ ಕಟ್ಟಿಕೊಂಡು ಶಹಾಪುರದ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದೆ. ಸುರಪುರದ ಕಡೆಯಿಂದ ಯಾದಗಿರಿ ಬಸ್ಸು ಬಂದು ನಿಂತಾಗ ಕಿಟಕಿಯಲ್ಲಿ ಅವನ ಮುಖ ಕಾಣುತ್ತಿತ್ತು. ಪಕ್ಕದಲ್ಲಿ ಅವನ ಹೆಂಡತಿ. ಅವರ ಹಿಂದಿನ ಸೀಟಿನ ಮೇಲೆ ನನಗಾಗಿ ಒಂದು ಟವೆಲ್ಲು ಹಾಸಿರುತ್ತಿತ್ತು.

ನಾನು ಶಹಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಮಾಸ್ತರ್ತಿ. ಶಹಾಪುರದಲ್ಲೇ ಒಂದು ಬಾಡಿಗೆ ಮನೆ, ಒಂದು ಖಾಟು, ಒಂದು ಸ್ಟೋವು, ಅಷ್ಟೇ ನನ್ನ ಸಂಸಾರ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಹೇಳಲು ನನ್ನ ಬಳಿ ಕತೆಯೇನೂ ಇಲ್ಲ. ಆಗಲಿಲ್ಲ, ವಯಸ್ಸಾಯಿತು, ಕೇಳುವವರು ಕೇಳುವುದನ್ನು ಬಿಟ್ಟರು. ತಮ್ಮ ಸುರಪುರದ ಹತ್ತಿರದ ದೇವಾಪುರದಲ್ಲಿ ಅಪ್ಪ ಬಿಟ್ಟುಹೋದ ಹೊಲ ನೋಡಿಕೊಂಡು ಹೆಂಡತಿ ಮಕ್ಕಳೊಂದಿಗೆ ಇದ್ದಾನೆ. ನಾವು ಸಣ್ಣವರಿದ್ದಾಗ ಅದು ಸಜ್ಜೆ, ತೊಗರಿ ಬೆಳೆಯುವ ಒಣಭೂಮಿ. ಕಾಲುವೆ ಬಂದ ಮೇಲೆ ಭತ್ತದ ಗದ್ದೆಯಾಯಿತು. ಆದರೆ ನಮ್ಮದು ಕಾಲುವೆಯ ಕಟ್ಟಕಡೆಯ ಹೊಲ. ಮೇಲಿನವರು ಕುಡಿದು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನೀರಿನ ಪಾಳಿ ಬಂದಾಗ ತಮ್ಮ ಬದುವಿನ ಮೇಲೆಯೇ ಕೂತಿರುತ್ತಿದ್ದ.

ಅವನಿಗೆ ಮೇಲಿಂದ ಮೇಲೆ ಕಾಮಾಲೆ ಬರತೊಡಗಿದಾಗ ಊರವರು ತಮ್ಮ ತೀರ್ಪು ಕೊಟ್ಟೇಬಿಟ್ಟರು. ನೀರು ಬಂತು, ಭತ್ತ ಬಂತು, ಭತ್ತದ ಹಿಂದೆ ರೊಕ್ಕ ಬಂತು, ರೊಕ್ಕದ ಹಿಂದೆ ಬಾಟಲಿ ಬಂತು ಅಂತ. ನನ್ನ ತಮ್ಮ ಹೋಳಿಹುಣ್ಣಿಮೆಯಲ್ಲೂ ಒಂದು ತೊಟ್ಟು ಮುಟ್ಟಿದವನಲ್ಲ. ರಕ್ತದಲ್ಲಿ ಎಂದೋ ಸೇರಿಕೊಂಡ ಒಂದು ವೈರಸ್ಸು ಒಳಗೊಳಗೇ ಲಿವರನ್ನು ತಿಂದುಹಾಕಿತ್ತು. ಆದರೆ ಆಡುವವರ ಬಾಯಿಗೆ ಅಗಸಿಬಾಗಿಲು ಹಚ್ಚಲಾದೀತೇ? ಹೊಟ್ಟೆ ನೀರು ತುಂಬಿ ಬಾತುಕೊಂಡು, ಕಣ್ಣು ಅರಿಸಿನವಾಗಿ, ಅವನು ಹೈದರಾಬಾದಿನ ಆಸ್ಪತ್ರೆ ಸೇರಿದ. ಬೇರೆ ಲಿವರ್ ಹಾಕಿದರೆ ಮಾತ್ರ ಉಳಿಯುತ್ತಾನೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ಮನೆಯವರಲ್ಲಿ ಯಾರಾದರೂ ಅರ್ಧ ಕೊಟ್ಟರೂ ಸಾಕು, ಕೊಟ್ಟವರಲ್ಲಿ ಅದು ಮತ್ತೆ ಬೆಳೆಯುತ್ತದೆ ಎಂದೂ ಹೇಳಿದರು.

ಅವನ ಹೆಂಡತಿ ತಾನೇ ಕೊಡುತ್ತೇನೆಂದು ಮುಂದೆ ಬಂದಳು. ರಕ್ತದ ಗುಂಪು ಕೂಡಲಿಲ್ಲ. ನಮ್ಮ ದೊಡ್ಡಕ್ಕ ಹೂಂ ಅಂದಳು, ಅವಳ ಗಂಡ ಊಹೂಂ ಅಂದ. ಮನೆಯಲ್ಲಿ ಮಕ್ಕಳು ಮರಿ ಇದ್ದಾರೆ, ನಾಳೆ ಹೆಚ್ಚುಕಮ್ಮಿ ಆದರೆ ಯಾರು ನೋಡುವವರು ಎಂದ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಯಾರೂ ಏನೂ ಕೇಳಲಿಲ್ಲ, ಸುಮ್ಮನೆ ತಿರುಗಿದರು. ನಾನು ಕೊಡುತ್ತೇನೆ ಎಂದೆ. ಮನಸ್ಸಿನಿಂದಲೇ ಎಂದೆ, ಅವನನ್ನು ಎತ್ತಿ ಆಡಿಸಿದವಳು ನಾನು, ಅವನ ಮೊದಲ ಹಲ್ಲು ನನ್ನ ಬೆರಳನ್ನೇ ಕಚ್ಚಿದ್ದು. ಆದರೆ ಒಂದು ಮಾತು ಇಂದಿಗೂ ನೋಯುತ್ತದೆ. ನನಗೆ ಬೇಡ ಅನ್ನುವವರು ಯಾರೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು, ನಿಮ್ಮ ಮೇಲೆ ಯಾರಾದರೂ ಒತ್ತಾಯ ಮಾಡುತ್ತಿದ್ದಾರಾ ಎಂದು ಮೆಲ್ಲಗೆ ಕೇಳಿದರು. ಅದು ಅವರ ನಿಯಮ. ಇಲ್ಲ ಎಂದೆ. ಯಾರಾದರೂ ತಡೆಯುತ್ತಿದ್ದಾರಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅಲ್ಲಿಯೇ ಅತ್ತುಬಿಡುತ್ತಿದ್ದೆನೇನೋ.

ಆಪರೇಷನ್ನಿನ ದಿನ ಕೊಡುವವರನ್ನೇ ಮೊದಲು ಒಳಗೆ ಒಯ್ಯುತ್ತಾರೆ. ಬಂದಿದ್ದ ನಮ್ಮ ಜನವೆಲ್ಲ ತಮ್ಮನ ಕೋಣೆಯಲ್ಲಿತ್ತು. ಅವನ ಹೆಂಡತಿ ಕಣ್ಣು ಕತ್ತಲೆ ಬಂದು ಕುಸಿದಿದ್ದಳಂತೆ, ಅವಳಿಗೆ ನೀರು ಚಿಮುಕಿಸುವುದರಲ್ಲಿದ್ದರು. ನನ್ನ ಗಾಡಿ ತಳ್ಳುವ ಹುಡುಗ ಬಾಗಿಲ ಹತ್ತಿರ ನಿಂತು, ಇವರ ಕಡೆಯವರು ಯಾರು ಎಂದು ಹಿಂದಿಯಲ್ಲಿ ಕೂಗಿದ. ನನ್ನ ಕನ್ನಡಕ, ಕಿವಿಯೋಲೆ ಯಾರ ಕೈಗಾದರೂ ಕೊಡಬೇಕಿತ್ತು ಅವನಿಗೆ. ಯಾರೂ ಬರಲಿಲ್ಲ. ಬರ್ತಾರೆ, ನೀನು ನಡಿ ಎಂದೆ. ಅವನು ಅವನ್ನು ಒಂದು ಪೊಟ್ಟಣದಲ್ಲಿ ಹಾಕಿ ನನ್ನ ದಿಂಬಿನ ಕೆಳಗೇ ಇಟ್ಟು ಗಾಡಿ ತಳ್ಳಿದ.

ಡಾಪ್ಲರ್ ಎನ್ನುವ ಶಬ್ದ ನಾನು ಮೊದಲು ಕೇಳಿದ್ದು ಆ ಆಸ್ಪತ್ರೆಯಲ್ಲೇ. ತಮ್ಮನಿಗೆ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹಾಸಿಗೆಯ ಪಕ್ಕಕ್ಕೇ ಯಂತ್ರ ತಂದು ನೋಡುತ್ತಿದ್ದರು. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿ, ಮೊದಲ ಸಲ ಅವನ ಹತ್ತಿರ ಒಯ್ದಾಗ ಆ ಕೆಲಸ ನಡೆದಿತ್ತು. ಸ್ಕ್ಯಾನಿಂಗ್ ಮಾಡುತ್ತಿದ್ದ ಡಾಕ್ಟರು ನಾನು ಯಾರೆಂದು ತಿಳಿದು ತಿಳಿಸಿ ಹೇಳಿದರು. ಲಿವರಿಗೆ ರಕ್ತ ಬರುವುದು ಎರಡು ದಾರಿಯಿಂದ. ಕರುಳಿನ ಕಡೆಯಿಂದ ಬರುವ ದಪ್ಪ ನಾಳ ಒಂದು, ಹೃದಯದ ಕಡೆಯಿಂದ ಬರುವ ಸಣ್ಣ ನಾಳ ಇನ್ನೊಂದು. ಹೊರಹೋಗುವ ನಾಳಗಳು ಬೇರೆ. ಇವನ್ನೆಲ್ಲ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದು ಕೂಡಿಸಿದ್ದಾರೆ. ಅವರಿಗೆ ಚಿಂತೆ ಇದ್ದದ್ದು ಆ ಸಣ್ಣ ನಾಳದ್ದು. ಹೊಲಿಗೆಯ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ, ಅಥವಾ ನಾಳ ಕಿರಿದಾದರೆ, ಪಿತ್ತ ಹರಿಯುವ ನಾಳಗಳು ಮೊದಲು ಕೆಡುತ್ತವೆ, ಆಮೇಲೆ ಲಿವರೇ ಹೋಗುತ್ತದೆ. ಕೆಡುವ ತನಕ ಮೈಮೇಲೆ ಏನೂ ಕಾಣದಿರಬಹುದು. ಅದಕ್ಕೇ ಈ ಯಂತ್ರ.

ತೆರೆಯ ಮೇಲೆ ಕೆಂಪು ನೀಲಿ ಬಣ್ಣಗಳು ಮಿಣುಕುತ್ತಿದ್ದವು. ತಮ್ಮನ ಹೆಂಡತಿ ಕೆಂಪು ಒಳ್ಳೆಯ ರಕ್ತ, ನೀಲಿ ಕೆಟ್ಟ ರಕ್ತ ಎಂದುಕೊಂಡು, ನೀಲಿ ಕಂಡಾಗಲೆಲ್ಲ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ರಕ್ತ ಯಂತ್ರದ ಕಡೆ ಬಂದರೆ ಒಂದು ಬಣ್ಣ, ದೂರ ಹೋದರೆ ಇನ್ನೊಂದು, ಅಷ್ಟೇ ಎಂದು ಡಾಕ್ಟರು ಹೇಳಿದ ಮೇಲೂ ಅವಳಿಗೆ ನಂಬಿಕೆ ಬರಲಿಲ್ಲ. ಡಾಕ್ಟರು ಒಂದು ಗುಂಡಿ ತಿರುಗಿಸಿ ಆ ಸಣ್ಣ ನಾಳದ ಸದ್ದು ಕೇಳಿಸಿದರು. ಮೊರದಲ್ಲಿ ಜೋಳ ಕೇರುವ ಸದ್ದಿನ ಹಾಗೆ ಇತ್ತು. ನಿಲ್ಲದೆ ಒಂದೇ ಲಯದಲ್ಲಿ. ಅಷ್ಟು ವರ್ಷ ನನ್ನೊಳಗೆ ಇದ್ದು ಒಂದು ದಿನವೂ ಇರವನ್ನೇ ತೋರಿಸದ ವಸ್ತು, ಈಗ ಅವನೊಳಗೆ ಕೂತು ಸದ್ದು ಮಾಡುತ್ತಿತ್ತು. ನಾನು ತವರು ಬಿಟ್ಟು ಶಹಾಪುರಕ್ಕೆ ಬಂದೆ, ನನ್ನ ಲಿವರು ತವರಿಗೆ ಹೊರಟಿತು ಎಂದು ನಗಲು ಹೋದೆ. ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು.

ಮನೆಗೆ ಮರಳಿದ ಮೇಲೆ ನನ್ನನ್ನು ನೋಡಲು ಜನ ಬಂದರು. ಮಟನ್ ಅಂಗಡಿಯವರ ಹೆಂಡತಿ, ಪೂರ್ತಿ ಕಲೇಜಿ ಕೊಟ್ಟಿರೋ ಅರ್ಧ ಕೊಟ್ಟಿರೋ ಎಂದು ಕೇಳಿದಳು. ಪಾಪ, ಲಿವರಿಗೆ ಅವಳಿಗೆ ಗೊತ್ತಿದ್ದ ಶಬ್ದ ಅದು. ಶಾಲೆಯಲ್ಲಿ ನನ್ನ ಜತೆಯ ಮಾಸ್ತರರೊಬ್ಬರು, ಕೊಟ್ಟವ ಕೋಡಂಗಿ ಇಸ್ಕೊಂಡವ ಈರಭದ್ರ ಎಂದು ನನಗೆ ಕೇಳುವ ಹಾಗೆಯೇ ಅಂದರು. ನಾನು ಹೌದ್ರಿ, ಕೋಡಂಗಿಗೆ ಮುಂದಿನ ಪೀರಿಯಡ್ ನಾಲ್ಕನೆಯ ತರಗತಿ ಅದ ಎಂದು ಎದ್ದುಹೋದೆ. ಕೆಲವು ವಾರ ಕಳೆದ ಮೇಲೆ ಜನ ಬರುವುದು ನಿಂತಿತು. ಗಾಯ ಮಾಯುವಾಗ ರಾತ್ರಿಯೆಲ್ಲ ತುರಿಸುತ್ತದೆ. ಬೆನ್ನಿಗೆ ದಿಂಬು ಕೊಡು ಎನ್ನಲು ಒಬ್ಬರಿಲ್ಲ. ಅಂಗಳಕ್ಕೆ ಬಂದರೆ ದೂರದಲ್ಲಿ ಮಲಗಿದ ಬುದ್ಧನ ಆಕಾರದ ಗುಡ್ಡ ಕಾಣುತ್ತಿತ್ತು. ನಿನ್ನ ಪಾಡೇ ವಾಸಿಯಪ್ಪಾ, ಮಲಗಿದ್ದನ್ನು ಊರೆಲ್ಲ ಬಂದು ನೋಡುತ್ತದೆ ಎಂದುಕೊಳ್ಳುತ್ತಿದ್ದೆ.

ತಮ್ಮನ ಮನೆಗೆ ಹೋಗಿ ಇರಬಹುದಿತ್ತಲ್ಲ ಎನ್ನಬಹುದು. ಅವನಿಗೆ ಯಾವ ಸೋಂಕೂ ತಾಗಬಾರದು, ಹೊರಗಿನವರು ಹೆಚ್ಚು ಬರಬಾರದು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ನಾನು ದಿನವೂ ನೆಗಡಿ ಕೆಮ್ಮಿನ ಮಕ್ಕಳ ನಡುವೆ ಇರುವವಳು. ಹೊರಗಿನವರು ಎಂಬ ಪಟ್ಟಿಯಲ್ಲಿ ನನ್ನನ್ನು ನಾನೇ ಸೇರಿಸಿಕೊಂಡೆ. ಅವರೂ ಬೇಡವೆನ್ನಲಿಲ್ಲ.

ಹಾಗಾಗಿ ಉಳಿದದ್ದು ಸ್ಕ್ಯಾನಿಂಗ್ ದಿನ ಒಂದೇ. ತಿಂಗಳು ತಿಂಗಳೂ ಹೈದರಾಬಾದಿಗೆ ಹೋಗುವುದು ಕಷ್ಟವೆಂದು, ಯಾದಗಿರಿಯಲ್ಲಿ ಡಾಪ್ಲರ್ ಬಲ್ಲ ಒಬ್ಬ ಡಾಕ್ಟರಮ್ಮನವರ ಹತ್ತಿರ ನೋಡಿಸಿ, ಚಿತ್ರಗಳನ್ನು ಫೋನಿನಲ್ಲಿ ಅಲ್ಲಿಗೆ ಕಳಿಸುವ ಏರ್ಪಾಡಾಗಿತ್ತು. ಏನೂ ತಿನ್ನದೆ ಬರಬೇಕು ಎಂದು ಆ ಡಾಕ್ಟರು ಮೊದಲ ದಿನವೇ ಬಿಗಿಯಾಗಿ ಹೇಳಿದ್ದರು. ತಿಂದರೆ ಕರುಳಲ್ಲಿ ಗಾಳಿ ತುಂಬಿ ನಾಳ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಉಂಡ ಮೇಲೆ ಲಿವರಿನ ರಕ್ತದ ಹರಿವೇ ಬದಲಾಗುತ್ತದೆ, ಕೆಟ್ಟದ್ದೂ ನೆಟ್ಟಗೆ ಕಂಡೀತು ಎಂದಿದ್ದರು. ಅದಕ್ಕಾಗಿ ನನ್ನ ಬುತ್ತಿ. ಸ್ಕ್ಯಾನಿಂಗ್ ಮುಗಿದ ಕೂಡಲೇ ಅವನು ಹಸಿದು ಬಂದಿರುತ್ತಾನಲ್ಲ.

ಒಳಗೆ ಪೇಷಂಟಿನ ಜೊತೆ ಒಬ್ಬರನ್ನೇ ಬಿಡುತ್ತಿದ್ದರು. ಬಾಗಿಲಲ್ಲಿ ಇರುವ ಹೆಂಗಸು, ಇವರ ಕಡೆಯವರು ಯಾರು, ಒಬ್ಬರು ಬರ್ರಿ ಎಂದು ಕರೆದಾಗ ಅವನ ಹೆಂಡತಿ ಎದ್ದು ಹೋಗುತ್ತಿದ್ದಳು. ನಾನು ಬುತ್ತಿಯ ಚೀಲ ಮಡಿಲಲ್ಲಿ ಇಟ್ಟುಕೊಂಡು ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆ. ಸುತ್ತಲೂ ಬಸುರಿ ಹೆಣ್ಣುಮಕ್ಕಳು, ಬಾಟಲಿಗಟ್ಟಲೆ ನೀರು ಕುಡಿಯುತ್ತ ಕೂತವರು. ಮಗಳನ್ನ ಕರಕೊಂಡ ಬಂದೀರೇನ್ರಿ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಮೊದಮೊದಲು ಇಲ್ಲ ಎಂದು ಇಡೀ ಪುರಾಣ ಹೇಳುತ್ತಿದ್ದೆ. ಆಮೇಲೆ ಬೇಸತ್ತು ಹೂಂ ಎಂದುಬಿಡುತ್ತಿದ್ದೆ. ಬಾಗಿಲ ಪರದೆ ಸರಿದಾಗ ಒಮ್ಮೊಮ್ಮೆ ಆ ಮೊರದ ಸದ್ದು ಕೇಳಿಸುತ್ತಿತ್ತು. ಅದು ಕೇಳಿದರೆ ಆ ತಿಂಗಳು ಕಳೆಯಿತು.

ಎಲ್ಲ ಸರಿ ಇದೆ ಎಂದು ಅವರು ಹೊರಬಂದ ಮೇಲೆ ರೈಲು ಸ್ಟೇಷನ್ನಿನ ಪಕ್ಕದ ಬೇವಿನ ಮರದ ಕೆಳಗೆ ಹೋಗಿ ಕೂರುತ್ತಿದ್ದೆವು. ನಾನು ಬುತ್ತಿ ಬಿಚ್ಚುತ್ತಿದ್ದೆ. ತಮ್ಮ ಮಾತಿಲ್ಲದೆ ಉಣ್ಣುತ್ತಿದ್ದ, ರೊಟ್ಟಿಯ ಮೇಲೆ ರೊಟ್ಟಿ. ಸಣ್ಣವನಿದ್ದಾಗಲೂ ಹಾಗೆಯೇ, ಹಸಿದರೆ ತಲೆ ಎತ್ತುತ್ತಿರಲಿಲ್ಲ. ಅವನ ದವಡೆ ಆಡುವುದನ್ನು ನೋಡುತ್ತ ನಾನು ಮುಂದಿನ ತಿಂಗಳಿನವರೆಗೆ ಆಗುವಷ್ಟು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆ.

ಆ ವರ್ಷ ನಾಗರಪಂಚಮಿಗೆ ತಮ್ಮ ನನ್ನನ್ನು ಕರೆಯಲು ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯುವುದು ಒಡಹುಟ್ಟಿದ ಗಂಡಿನ ಕೆಲಸ. ನಾನು ಗಂಡನ ಮನೆಯಲ್ಲಿ ಇರುವವಳಲ್ಲವಾದರೂ, ಅವ್ವ ಹೋದ ಮೇಲೂ ಪ್ರತಿ ವರ್ಷ ಒಂದು ಕುಪ್ಪಸದ ಖಣ ಹಿಡಿದುಕೊಂಡು ಬಂದು ಬಾ ಅಕ್ಕಾ ಎನ್ನುತ್ತಿದ್ದ. ನಾನು ಎಳ್ಳುಂಡಿ, ಶೇಂಗಾದುಂಡಿ ಕಟ್ಟಿ ಡಬ್ಬಿ ತುಂಬಿ, ಬಾಗಿಲು ತೆರೆದಿಟ್ಟುಕೊಂಡು ಕೂತೆ. ಕರಿಲಿಕ್ಕೆ ಬರಲಿಲ್ಲೇನ್ರಿ ಎಂದು ಓಣಿಯವರು ಕೇಳಿದರು. ಮಧ್ಯಾಹ್ನ ದಾಟಿತು. ಒಬ್ಬಳೇ ಹೋಗಿ ಹುತ್ತಕ್ಕೆ ಹಾಲೆರೆದೆ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು ಎಂದು ಹೇಳುತ್ತ ಎರೆಯಬೇಕು. ತಮ್ಮನ ಪಾಲು ಎನ್ನುವಾಗ ಸಿಟ್ಟು ಬಂತು. ನಿನ್ನ ಪಾಲು ನಿನಗೆ ಯಾವಾಗಲೋ ಮುಟ್ಟಿದೆಯಲ್ಲೋ ಎಂದು ಬಾಯಿಗೆ ಬಂದದ್ದನ್ನು ಹಾಲಿನ ಜೊತೆ ಹುತ್ತದೊಳಗೇ ಬಿಟ್ಟು ಬಂದೆ.

ಹಬ್ಬ ಮುಗಿದು ಕೆಲವೇ ದಿನಕ್ಕೆ ಅವನ ಹೆಂಡತಿ ಫೋನು ಮಾಡಿದಳು. ರಕ್ತಪರೀಕ್ಷೆಯಲ್ಲಿ ಲಿವರಿನ ಅಂಶಗಳು ಏರಿವೆಯಂತೆ. ನಾಳದ್ದೇ ತೊಂದರೆ ಇರಬಹುದು, ಕೂಡಲೇ ಡಾಪ್ಲರ್ ಮಾಡಿಸಿ ಎಂದು ಹೈದರಾಬಾದಿನವರು ಹೇಳಿದ್ದಾರಂತೆ. ನಾಳ ಕಿರಿದಾಗಿದ್ದರೆ ಈಗಲೇ ತೆರೆಯಬಹುದು. ತಡವಾಗಿ ಪೂರ್ತಿ ಮುಚ್ಚಿಕೊಂಡರೆ ಮತ್ತೊಂದು ಲಿವರೇ ಬೇಕು. ಮತ್ತೊಂದು ಎಲ್ಲಿಂದ ತರುವುದು? ಎರಡನೆಯ ಸಲ ಕೊಡಲು ನನ್ನಿಂದ ಆಗುವುದಿಲ್ಲ, ಕೊಡುವವರು ಬೇರೆ ಯಾರೂ ಇಲ್ಲ. ನಾನು ಬರುತ್ತೇನೆ ಎಂದೆ. ಪಂಚಮಿಯ ಸಿಟ್ಟು ಇಳಿದುಹೋಗಿತ್ತು.

ಮರುದಿನದ ಬಸ್ಸಿನಲ್ಲಿ ಟವೆಲ್ಲು ಹಾಸಿತ್ತು, ಆದರೆ ತಮ್ಮ ತಿರುಗಿ ನೋಡಲಿಲ್ಲ. ಭೀಮಾ ನದಿಯ ಸೇತುವೆ ದಾಟುವವರೆಗೂ ಅವನ ಕುತ್ತಿಗೆಯನ್ನೇ ನೋಡುತ್ತ ಕೂತೆ. ಸ್ಕ್ಯಾನಿಂಗ್ ಕೋಣೆಯಲ್ಲಿ ಈ ಸಲ ಬಹಳ ಹೊತ್ತಾಯಿತು. ಹೊರಗೆ ಬಂದಾಗ ಅವನ ಹೆಂಡತಿಯ ಮುಖ ಅರಳಿತ್ತು. ಗಾಳಿ ಬಹಳ ತುಂಬಿದೆ, ಪೂರ್ತಿ ನಿಚ್ಚಳ ಕಾಣುತ್ತಿಲ್ಲ, ಏನಾದರೂ ತಿಂದಿದ್ದೀರಾ ಎಂದು ಡಾಕ್ಟರು ಕೇಳಿದರಂತೆ. ಇಲ್ಲ ಎಂದನಂತೆ ಇವನು. ಕಂಡಷ್ಟರಲ್ಲಿ ಹರಿವು ಸರಿಯಾಗಿಯೇ ಇದೆ, ಹೈದರಾಬಾದಿಗೆ ಹಾಗೇ ತಿಳಿಸುತ್ತೇನೆ, ಹದಿನೈದು ದಿನ ಬಿಟ್ಟು ಮತ್ತೆ ನೋಡೋಣ ಎಂದರಂತೆ. ನಾನು ದೇವರಿಗೆ ಕೈಮುಗಿದು ಬೇವಿನ ಮರದ ಕಡೆ ನಡೆದೆ.

ಬುತ್ತಿ ಬಿಚ್ಚಿದೆ. ಹಬ್ಬದ ಉಂಡಿಗಳನ್ನೂ ತಂದಿದ್ದೆ. ತಮ್ಮ ಒಂದು ರೊಟ್ಟಿ ಕೈಗೆ ತೆಗೆದುಕೊಂಡು ಅದರ ಅಂಚು ಮುರಿದ. ಮುರಿದು ಮತ್ತೆ ಇಟ್ಟ. ಪಲ್ಯ ಬೆರಳಿಂದ ಮುಟ್ಟಿದ. ಕಾಲು ರೊಟ್ಟಿ ಇಳಿಯುವಷ್ಟರಲ್ಲಿ ನೀರು ಕೇಳಿದ. ನಿನ್ನೆ ಸಂಜೆಯಿಂದ ಉಪವಾಸ ಇದ್ದವನು ಉಣ್ಣುವ ರೀತಿ ಅದಲ್ಲ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಅಂತಾರಲ್ಲ, ಆ ರೀತಿ. ನನಗೆ ಮೊದಲು ಅವಮಾನವಾಯಿತು, ನನ್ನ ಅಡುಗೆ ಬೇಡವಾಯಿತೇ ಎಂದು. ಆಮೇಲೆ ಒಮ್ಮೆಲೇ ಡಾಕ್ಟರ ಮಾತು ನೆನಪಾಯಿತು.

“ಮುಂಜಾನಿ ಏನ್ ತಿಂದಿ?” ಎಂದೆ.

ಅವನ ಹೆಂಡತಿಯೇ ಬಾಯಿಬಿಟ್ಟಳು. ಅವನು ಎದ್ದವನೇ ರೊಟ್ಟಿ ಕೇಳಿದನಂತೆ. ಹಸಿದ ಹೊಟ್ಟೆಯಲ್ಲಿ ಊರ ಅಗಸಿ ದಾಟಬಾರದು ಎಂದು ಅವಳ ಮನಸ್ಸಿನಲ್ಲೂ ಇತ್ತು, ಅದೂ ಇಂಥ ಕೆಟ್ಟ ಸುದ್ದಿ ಬಂದ ದಿನ. ರೊಟ್ಟಿ, ಹಾಲು, ಎರಡು ಉಂಡಿ ಕೊಟ್ಟಳಂತೆ. ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆನಕ್ಕಾ ಎಂದು ಅಳತೊಡಗಿದಳು.

ನನಗೆ ಎಂಥ ಸಿಟ್ಟು ಬಂತೆಂದರೆ, ನಡುಬೀದಿ ಎಂಬುದನ್ನೂ ಮರೆತೆ. ಸ್ಕ್ಯಾನಿಂಗ್ ಸುಳ್ಳಾಗುತ್ತದೆ ಎಂದು ಗೊತ್ತಿದ್ದೂ ಯಾಕೆ ತಿಂದೆ, ಡಾಕ್ಟರ ಮುಂದೆ ಯಾಕೆ ಸುಳ್ಳಾಡಿದೆ, ನನ್ನ ಬುತ್ತಿ ಬರುತ್ತದೆಂದು ಗೊತ್ತಿರಲಿಲ್ಲವೇ ಎಂದು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಎಲ್ಲ ಮುಗಿದ ಮೇಲೆ ರೊಟ್ಟಿಯ ಗಂಟು ನೋಡುತ್ತ ಹೇಳಿದ.

“ಗೊತ್ತಿತ್ತು. ಅದಕ್ಕ ತಿಂದ ಬಂದೆ. ಹೊಟ್ಟ್ಯಾಗ ಇರೋದೂ ನಿಂದ, ಹೊಟ್ಟಿಗಿ ಹಾಕೋದೂ ನಿಂದ. ಎಷ್ಟಂತ ತಿನ್ಲಿ ಅಕ್ಕಾ ನಿನ್ನ?”

ತಿಂಗಳಿಡೀ ನಾನು ಕಾಯುತ್ತಿದ್ದದ್ದು ಈ ಗಳಿಗೆಗೆ, ಅವನಿಗೆ ನುಂಗಲಾಗದೆ ಇದ್ದದ್ದೂ ಇದೇ ಗಳಿಗೆ. ಮುಂಚಿನ ತಿಂಗಳುಗಳಲ್ಲಿ ತಲೆ ಎತ್ತದೆ ಉಣ್ಣುತ್ತಿದ್ದದ್ದು ಹಸಿವೆಯಿಂದಲ್ಲ ಎಂದು ಆಗ ತಿಳಿಯಿತು. ಪಂಚಮಿಯ ದಿನ ಅವನು ಖಣ ಹಿಡಿದುಕೊಂಡು ಶಹಾಪುರದ ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದನಂತೆ. ಅಕ್ಕ ಕೊಟ್ಟದ್ದೇನು, ನಾನು ಒಯ್ಯುತ್ತಿರುವುದೇನು ಎಂದು ಅನಿಸಿ, ಅಲ್ಲಿಯೇ ಕೂತು ಕೂತು ಮರಳಿ ಬಸ್ಸು ಹತ್ತಿದನಂತೆ. ಇದನ್ನೂ ಅವನ ಹೆಂಡತಿಯೇ ಹೇಳಿದಳು. ಅವನು ಕೂತಿದ್ದ ಜಾಗಕ್ಕೂ ನನ್ನ ಮನೆಗೂ ನಡುವೆ ಇದ್ದದ್ದು ಒಂದು ಸಂತೆಮೈದಾನ, ಎರಡು ಓಣಿ. ನಾನು ಬಾಗಿಲು ತೆರೆದಿಟ್ಟುಕೊಂಡೇ ಇದ್ದೆ.

“ನಾನು ಖಣ ಕೇಳಿದ್ನೇನೋ?” ಎಂದೆ. “ಬಾ ಅಕ್ಕಾ ಅನ್ನೋದು ಕೇಳಿದ್ದೆ.”

ಅಷ್ಟಕ್ಕೆ ನಿಲ್ಲಿಸಿ ಬುತ್ತಿ ಕಟ್ಟಿದೆ. ಅಳುತ್ತ ಕೂರಲು ಅದು ಹೊತ್ತಲ್ಲ. ಅವನನ್ನು ಎಬ್ಬಿಸಿಕೊಂಡು ಮತ್ತೆ ಸ್ಕ್ಯಾನಿಂಗ್ ಕೋಣೆಗೆ ಹೋದೆ. ಉಂಡು ಬಂದಿದ್ದ, ಸುಳ್ಳು ಹೇಳಿದ ಎಂದು ಡಾಕ್ಟರಿಗೆ ನಾನೇ ಹೇಳಿದೆ. ಅವರು ಹಣೆ ಗಂಟಿಕ್ಕಿದರು, ಬೈಯಲಿಲ್ಲ. ಹಾಗಿದ್ದರೆ ಇಂದು ನೋಡಿದ್ದನ್ನು ನಂಬುವುದು ಬೇಡ, ನಾಳೆ ಬೆಳಿಗ್ಗೆ ಮೊದಲು ನಿಮ್ಮದೇ ತೆಗೆದುಕೊಳ್ಳುತ್ತೇನೆ, ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು.

ದೇವಾಪುರಕ್ಕೆ ಹೋಗಿ ಬರುವಷ್ಟು ಹೊತ್ತಿಲ್ಲವೆಂದು ಇಬ್ಬರೂ ನನ್ನ ಮನೆಯಲ್ಲಿ ಉಳಿದರು. ಆಪರೇಷನ್ನಾದ ಮೇಲೆ ಅವನು ನನ್ನ ಹೊಸ್ತಿಲು ತುಳಿದದ್ದು ಅದೇ ಮೊದಲು. ನನ್ನ ಖಾಟಿನ ಮೇಲೆ ಅವನು, ಕೆಳಗೆ ನಾವಿಬ್ಬರು. ಸಂಜೆ ಬೇಗ ತುಸು ಅನ್ನ ಉಂಡ, ಆಮೇಲೆ ಏನೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಬೆಳಿಗ್ಗೆ ಚಹಾ ಕೂಡ ಇಡಲಿಲ್ಲ. ಬುತ್ತಿಯನ್ನೂ ಕಟ್ಟಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿದಾಗ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಸೆರಗಿನೊಳಗೆ ಇಟ್ಟುಕೊಂಡೆ.

ಆ ದಿನ ಡಾಕ್ಟರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಪರದೆಯ ಆಚೆಯಿಂದ ಸದ್ದು ಕೇಳಿಸಿತು. ಜೋಳ ಕೇರುವ ಸದ್ದಲ್ಲ. ದಣಿದವರು ಉಸಿರೆಳೆದಂತೆ ತಡವಾಗಿ ಏರಿ ಸಣ್ಣಗೆ ಇಳಿಯುತ್ತಿತ್ತು. ಡಾಕ್ಟರು ನನ್ನನ್ನೂ ಒಳಗೆ ಕರೆದು ತೆರೆಯ ಮೇಲಿನ ಅಲೆ ತೋರಿಸಿದರು. ಮೊದಲಿನ ಚಿತ್ರದಲ್ಲಿ ಅಲೆ ಚೂಪಾಗಿ ಎದ್ದಿತ್ತು, ಈಗ ಮೊಂಡಾಗಿ ಎದ್ದಿತ್ತು. ಹೊಲಿಗೆಯ ಜಾಗದಲ್ಲಿ ನಾಳ ಕಿರಿದಾಗಿದೆ, ಅದರ ಮುಂದೆ ರಕ್ತ ಜೋರಿಲ್ಲದೆ ಹೋಗುತ್ತಿದೆ ಎಂದರು.

ತಮ್ಮ ಮಲಗಿದ್ದಲ್ಲಿಂದಲೇ, “ಮ್ಯಾಲ ಗೇಟ್ ಅರ್ಧ ಇಳಿಸ್ಯಾರ ಅನ್ರಿ. ನಮ್ಮ ಹೊಲಕ್ಕ ನೀರು ಹಿಂಗ ಬರ್ತಾದ,” ಎಂದ.

ಡಾಕ್ಟರು ನಕ್ಕು, ಪೂರ್ತಿ ಇಳಿಸಿಲ್ಲ ಅದೇ ನಿಮ್ಮ ಪುಣ್ಯ, ಇವತ್ತೇ ರೈಲು ಹತ್ತಿ ಎಂದರು. ಅಲ್ಲಿಂದಲೇ ಹೈದರಾಬಾದಿಗೆ ಫೋನು ಮಾಡಿ ಚಿತ್ರ ಕಳಿಸಿದರು. ಮಧ್ಯಾಹ್ನದ ರೈಲಿಗೆ ಗಂಡಹೆಂಡತಿ ಇಬ್ಬರನ್ನೂ ಹತ್ತಿಸಿದೆ. ನನ್ನ ರಜೆಯೆಲ್ಲ ನನ್ನ ಆಪರೇಷನ್ನಿಗೇ ಮುಗಿದಿತ್ತು, ಹೋಗುವ ಹಾಗಿರಲಿಲ್ಲ. ರೈಲು ಹೊರಟ ಮೇಲೆ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಅಲ್ಲಿ ಬೇರೆ ಯಾರದೋ ಸಂಸಾರ ಬುತ್ತಿ ಬಿಚ್ಚಿಕೊಂಡು ಕೂತಿತ್ತು.

ಆಮೇಲಿನ ದಿನಗಳನ್ನು ಹೇಗೆ ಕಳೆದೆ ಎಂದು ಬರೆಯಲು ಹೆಚ್ಚೇನೂ ಇಲ್ಲ. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೆ, ಫೋನು ಕೈಯಲ್ಲೇ ಹಿಡಿದುಕೊಂಡಿದ್ದೆ. ಸ್ಟೋವು ಹಚ್ಚಿ ಏನು ಮಾಡಬೇಕೆಂದು ಮರೆತು ಆರಿಸುತ್ತಿದ್ದೆ. ಅವನೊಳಗೆ ಕಿರಿದಾದದ್ದು ನನ್ನದೇ ನಾಳವೋ ಅವನದೋ, ಹೊಲಿಗೆಯ ಆಚೆಯದೋ ಈಚೆಯದೋ ಎಂದು ಹುಚ್ಚು ಹುಚ್ಚಾಗಿ ಯೋಚಿಸುತ್ತಿದ್ದೆ. ಕೊನೆಗೊಂದು ಮಧ್ಯಾಹ್ನ ಅವನ ಹೆಂಡತಿಯ ಫೋನು ಬಂತು. ತೊಡೆಯಿಂದ ಒಂದು ತಂತಿ ಏರಿಸಿ, ಕಿರಿದಾದ ಜಾಗದಲ್ಲಿ ಸಣ್ಣ ಜಾಲರಿಯ ಕೊಳವೆ ಕೂರಿಸಿದ್ದಾರೆ, ರಕ್ತ ಮೊದಲಿನಂತೆ ಹರಿಯುತ್ತಿದೆ ಎಂದಳು. ಹದಿನೈದು ದಿನ ತಡೆದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದು ಡಾಕ್ಟರು ಅಂದರಂತೆ. ನಾನು ಶಾಲೆಯ ಹಿಂದಿನ ಗೋಡೆಗೆ ಒರಗಿ ಅತ್ತೆ. ಮಕ್ಕಳು ನೋಡಿ ಸುಮ್ಮನೆ ಒಳಗೆ ಹೋದವು.

ಮುಂದಿನ ಸ್ಕ್ಯಾನಿಂಗ್ ದಿನ ನಾನು ಬುತ್ತಿ ಕಟ್ಟುವುದೋ ಬೇಡವೋ ಎಂದು ಬಹಳ ಹೊಯ್ದಾಡಿ, ಕೊನೆಗೆ ಕಟ್ಟದೆ ಹೋದೆ. ಆದರೆ ಏನೂ ತಿನ್ನದೆ ಹೋದೆ. ಅವನು ಹಸಿದಿರುವಾಗ ನಾನೂ ಹಸಿದಿರುವುದು, ಅಷ್ಟಾದರೂ ಜೊತೆ. ಬಸ್ಸು ಬಂತು. ತಮ್ಮನ ತೊಡೆಯ ಮೇಲೆ ಒಂದು ಚೀಲ ಇತ್ತು. ಬಿಸಿರೊಟ್ಟಿಯ ವಾಸನೆ ಬಂತು.

ಸ್ಕ್ಯಾನಿಂಗ್ ಚೆನ್ನಾಗಿಯೇ ಬಂತು. ಪರದೆಯ ಆಚೆ ಜೋಳ ಕೇರುವ ಸದ್ದು ಹೊರಗಿನ ಬೆಂಚಿನವರೆಗೂ ಕೇಳಿಸಿತು. ನಾನು ಎದ್ದು ಹೊರಡಲು ಸಿದ್ಧಳಾದೆ. ತಮ್ಮ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಾಗಿಲವರೆಗೆ ಬಂದವನು ಅಲ್ಲಿಯೇ ನಿಂತು ಒಳಗೆ ತಿರುಗಿದ.

“ಡಾಕ್ಟ್ರ, ನಮ್ಮಕ್ಕಂದೂ ಒಂದೀಟು ನೋಡ್ರಿ. ಆಕೀನೂ ಮುಂಜಾನಿಂದ ಏನೂ ತಿಂದಿಲ್ಲ,” ಎಂದ.

ನಾನು ತಿಂದಿಲ್ಲವೆಂದು ಅವನಿಗೆ ಹೇಗೆ ತಿಳಿಯಿತೋ. ಬೇಡ ಬೇಡ ಎಂದೆ. ಡಾಕ್ಟರು ನನ್ನನ್ನು ನೋಡಿ, ನೀವೇ ಕೊಟ್ಟವರಲ್ಲವೇ, ಆಮೇಲೆ ನಿಮ್ಮದನ್ನು ಯಾವಾಗ ನೋಡಿಸಿದ್ದೀರಿ ಎಂದು ಕೇಳಿದರು. ಆಸ್ಪತ್ರೆಯಿಂದ ಬಂದಾಗಿನಿಂದ ನೋಡಿಸಿರಲಿಲ್ಲ. ಮತ್ತೆ ಬಂದು ತೋರಿಸಿ ಎಂದು ಅಲ್ಲಿಯವರು ಹೇಳಿಯೇ ಕಳಿಸಿದ್ದರು. ನೆನಪು ಮಾಡಿ ಹೊರಡಿಸುವವರು ಇರಲಿಲ್ಲ, ನಾನೇ ಮರೆತೆ. ಡಾಕ್ಟರು ಮಂಚ ತೋರಿಸಿದರು. ನಾನು ಚಪ್ಪಲಿ ಬಿಟ್ಟು ಹೋಗಿ ಮಲಗಿದೆ. ತಣ್ಣಗಿನ ಅಂಟು ಹಚ್ಚಿ, ಮಾಸಿದ ಗಾಯದ ಪಕ್ಕದಲ್ಲಿ ಯಂತ್ರ ಒತ್ತಿದರು. ದೀಪ ಆರಿಸಿದರು.

ಬಾಗಿಲಲ್ಲಿದ್ದ ಹೆಂಗಸು ಎಂದಿನಂತೆ ಹೊರಗಿನ ಬೆಂಚುಗಳ ಕಡೆ ಮುಖ ಮಾಡಿ ಕೂಗಿದಳು. “ಇವರ ಕಡ್ಯಾವ್ರು ಯಾರು? ಒಬ್ಬರು ಬರ್ರಿ.”

“ನಾನ್ರಿ,” ಎಂದಿತು ತಮ್ಮನ ದನಿ.

ಬುತ್ತಿಯ ಚೀಲವನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡು, ಅವನು ಒಳಗೆ ಬಂದು ನನ್ನ ಕಾಲ ಹತ್ತಿರ ನಿಂತ.